ಬಾಳೆಗೊನೆಯೂ ದೊನ್ನೆಯ ಗಂಜಿಯೂ: ಓಣಂ ಕೊಡುಗೆಗಳ ಕಥೆ



ಚಿಂಗಂ ತಿಂಗಳು ಬಂತೆಂದರೆ ನಮ್ಮ ಮಹಾನಗರಗಳ ಆಫೀಸುಗಳಿಗೂ ಓಣಂ ಬಂದುಬಿಡುತ್ತದೆ. ಬಾಗಿಲಲ್ಲಿ ಹೂವಿನ ಪೂಕ್ಕಳಂ, ಕ್ಯಾಂಟೀನಿನಲ್ಲಿ ಬಾಳೆಲೆ ಊಟ, ಒಂದು ದಿನದ ಮಟ್ಟಿಗೆ ಎಲ್ಲರ ಮೈಮೇಲೂ ಚಿನ್ನದಂಚಿನ ಬಿಳಿ ಸೀರೆ, ಮುಂಡು. ಪಕ್ಕದ ಮೇಜಿನ ಮಲಯಾಳಿ ಗೆಳೆಯ ಊರಿಂದ ತಂದ ನೇಂದ್ರ ಬಾಳೆಕಾಯಿ ಚಿಪ್ಸನ್ನು ಧಾರಾಳವಾಗಿ ಹಂಚುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಇದರ ಜೊತೆಗೆ ಒಂದು ರಟ್ಟಿನ ಡಬ್ಬವೂ ಬಂದು ಕೂತಿದೆ. ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಹಬ್ಬದ ನೆಪದಲ್ಲಿ ಕೈಲಾದಷ್ಟು ಹಾಕಿ ಎಂಬ ಚೀಟಿ ಅದರ ಮೇಲೆ.

ಒಳ್ಳೆಯದೇ. ಆದರೆ ಓಣಂನ ಕೊಡು-ಕೊಳ್ಳುವಿಕೆಗೆ ಬಲು ಉದ್ದದ ಚರಿತ್ರೆಯಿದೆ. ಅದು ಅಷ್ಟೇನೂ ಮೆದುವಾದ ಚರಿತ್ರೆಯಲ್ಲ. ಮಲಯಾಳಿಗಳ ಬಾಯಲ್ಲಿ ಇಂದಿಗೂ ಓಡಾಡುವ ಎರಡು ಗಾದೆಗಳನ್ನು ಕೇಳಿ.

ಮೊದಲನೆಯದು, "ಕಾಣಂ ವಿಟ್ಟುಂ ಓಣಂ ಉಣ್ಣಣಂ." ಕಾಣಂ ಮಾರಿಯಾದರೂ ಓಣಂ ಊಟ ಉಣ್ಣಬೇಕು. ಎರಡನೆಯದು, "ಓಣಂ ವನ್ನಾಲುಂ ಉಣ್ಣಿ ಪಿರನ್ನಾಲುಂ ಕೋರನ್ನು ಕುಂಬಿಳಿಲ್ ಕಂಞಿ." ಓಣಂ ಬರಲಿ, ಗಂಡುಮಗು ಹುಟ್ಟಲಿ, ಕೋರನಿಗೆ ಮಾತ್ರ ಎಲೆ ದೊನ್ನೆಯಲ್ಲಿ ಗಂಜಿಯೇ ಗತಿ.

ಮೊದಲ ಗಾದೆಯನ್ನು ಜಾಹೀರಾತಿನವರು ಚೆನ್ನಾಗಿ ಬಳಸಿಕೊಂಡಿದ್ದಾರೆ. ಟಿವಿ, ಫ್ರಿಜ್ಜು, ಬಂಗಾರ ಎಲ್ಲವನ್ನೂ ಅದರ ಬಲದಿಂದಲೇ ಮಾರುತ್ತಾರೆ. ಎರಡನೆಯದನ್ನು ಯಾವ ಅಂಗಡಿಯವರೂ ಬೋರ್ಡಿಗೆ ಹಾಕುವುದಿಲ್ಲ. ಆದರೆ ಕೊಚ್ಚಿ, ತಿರುವನಂತಪುರಗಳ ಹಬ್ಬದ ಕಥೆ ಅರ್ಥವಾಗಬೇಕಾದರೆ ಎರಡನ್ನೂ ಒಟ್ಟಿಗೆ ಓದಬೇಕು.

ಈ "ಕಾಣಂ" ಎಂದರೆ ಏನು? ಅನೇಕರು ಅದನ್ನು ಆಸ್ತಿ, ಒಡವೆ ಎಂದು ಸುಮ್ಮನೆ ಅನುವಾದ ಮಾಡಿಬಿಡುತ್ತಾರೆ. ಅದು ಹಳೆಯ ಕೇರಳದ ಒಂದು ಗೇಣಿ ಪದ್ಧತಿ. ಭೂಮಿಯ ಒಡೆಯ ಜನ್ಮಿ. ಅವನು ನಂಬೂದಿರಿ ಮನೆತನದವನಿರಬಹುದು, ಅರಸು ಮನೆತನದವನಿರಬಹುದು, ಒಂದು ದೇವಸ್ಥಾನವೇ ಆಗಿರಬಹುದು. ಕಾಣಕ್ಕಾರ ಅವನಿಗೆ ಒಂದು ಇಡುಗಂಟು ಕೊಟ್ಟು ಭೂಮಿ ಹಿಡಿಯುತ್ತಿದ್ದ. ಆ ಹಣದ ಬಡ್ಡಿಯನ್ನು ವರ್ಷದ ಗೇಣಿಯಲ್ಲಿ ಮುರಿದುಕೊಂಡು, ಉಳಿದದ್ದನ್ನು ಜನ್ಮಿಗೆ ಅಳೆಯುತ್ತಿದ್ದ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಪತ್ರ ಹೊಸದು ಮಾಡಿಸಬೇಕು, ಅದಕ್ಕೆ ಮತ್ತೆ ಹಣ ತೆರಬೇಕು. ಅಂದರೆ ಕಾಣಂ ಮಾರುವುದೆಂದರೆ ಮನೆಯವರ ಅನ್ನದ ಬುಡವನ್ನೇ ಮಾರುವುದು. ಗಾದೆ ಹೇಳಿದವರು ಮಧ್ಯದ ಮೆಟ್ಟಿಲಿನವರು. ಅವರಿಗೆ ಮಾರಲು ಕಾಣವಾದರೂ ಇತ್ತು. ಅವರ ಕೈಕೆಳಗೆ ಬರಿಯ ವಾರ್ಷಿಕ ಗೇಣಿಯ ಒಕ್ಕಲು, ಅದಕ್ಕೂ ಕೆಳಗೆ ಗದ್ದೆಯ ಕೆಸರಿನಲ್ಲಿ ದುಡಿಯುವ ಪುಲಯ, ಚೆರುಮರು. ಕೋರ ಎಂಬುದು ಅಂಥ ಆಳಿನ ಹೆಸರು. ನಮ್ಮ ಕಡೆ ಕರಿಯ, ತನಿಯ ಎಂದ ಹಾಗೆ.

ಈಗ ಹಬ್ಬಕ್ಕೆ ಬರೋಣ. ಓಣಂ ಹತ್ತಿರ ಬಂದಾಗ ಒಕ್ಕಲಿನವನು ತನ್ನ ತೋಟದ ಅತ್ಯುತ್ತಮ ನೇಂದ್ರಗೊನೆ ಕಡಿದು, ಹೆಗಲ ಮೇಲೆ ಹೊತ್ತು, ಜನ್ಮಿಯ ಮನೆಗೆ ಹೋಗುತ್ತಿದ್ದ. ಗೊನೆಯ ಜೊತೆಗೆ ತರಕಾರಿ, ಗೆಡ್ಡೆಗೆಣಸು. ಇದಕ್ಕೆ "ಓಣಕ್ಕಾಳ್ಚ" ಎಂದು ಹೆಸರು, ಗೊನೆಗೆ "ಕಾಳ್ಚಕ್ಕುಲ". ಕಾಳ್ಚ ಎಂದರೆ ಕಾಣುವುದು, ನೋಟ. ನಮ್ಮ "ಕಾಣಿಕೆ"ಯೂ ಕಾಣು ಎಂಬ ಧಾತುವಿನಿಂದಲೇ ಬಂದದ್ದಲ್ಲವೇ? ದೊಡ್ಡವರನ್ನು ಬರಿಗೈಯಲ್ಲಿ ಕಾಣಬಾರದು, ಅಷ್ಟೇ. ದಕ್ಷಿಣ ಕನ್ನಡದವರಿಗೆ ದೇವಸ್ಥಾನದ ಹೊರೆಕಾಣಿಕೆ ನೆನಪಾದೀತು.

ಜನ್ಮಿ ಅಂಗಳದಲ್ಲಿ ನಿಂತವನ ಗೊನೆ ಸ್ವೀಕರಿಸಿ, ಅವನಿಗೆ ಓಣಪ್ಪುಡವ ಕೊಡುತ್ತಿದ್ದ. ಒಂದು ಹೊಸ ಬಟ್ಟೆ. ಊಟವನ್ನೂ ಹಾಕಿಸುತ್ತಿದ್ದ, ಅದೂ ಅವರವರ ಜಾತಿಗೆ ತಕ್ಕ ಜಾಗದಲ್ಲಿ. ಬಡಗಿ, ಕಮ್ಮಾರ, ಕುಂಬಾರ, ಅಗಸ ಎಲ್ಲರೂ ತಮ್ಮ ತಮ್ಮ ಕೈಕೆಲಸದ ವಸ್ತುವಿನೊಡನೆ ಬಂದು ಭತ್ತ, ಎಣ್ಣೆ, ಬಟ್ಟೆ ಪಡೆದು ಹೋಗುತ್ತಿದ್ದರು. ಹಳೆಯ ತಲೆಮಾರಿನ ನೆನಪುಗಳಲ್ಲಿ ಈ ದೃಶ್ಯ ತುಂಬಾ ಹಿತವಾಗಿ ಬರುತ್ತದೆ. ಜನ್ಮಿಯ ಮನೆಯ ಜಗಲಿಯಲ್ಲಿ ಕುಳಿತು ನೋಡಿದವರ ನೆನಪು ಅದು ಎನ್ನುವುದನ್ನು ಮಾತ್ರ ಮರೆಯಬಾರದು. ಅಂಗಳದಲ್ಲಿ ನಿಂತವನಿಗೆ ಇದು ಉಡುಗೊರೆಯೂ ಹೌದು, ಬಾಕಿಯೂ ಹೌದು. ಗೊನೆ ತಾರದಿದ್ದರೆ ಮುಂದಿನ ವರ್ಷ ಗದ್ದೆ ಅವನ ಕೈಯಲ್ಲಿ ಇರುತ್ತದೆಯೋ ಇಲ್ಲವೋ!

ಮನೆಯೊಳಗೂ ಇದೇ ಕ್ರಮ. ತರವಾಡಿನ ಕಾರಣವರು, ಅಂದರೆ ಮನೆಯ ಹಿರಿಯ ಸೋದರಮಾವ, ಹೆಂಗಸರು ಮಕ್ಕಳು ಎಲ್ಲರಿಗೂ ತಲೆಗೊಂದು ಓಣಕ್ಕೋಡಿ ಕೊಡುತ್ತಿದ್ದರು. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕೂಡುಕುಟುಂಬ ಪದ್ಧತಿಯನ್ನು ಕೇರಳ 1975ರ ಕಾಯಿದೆಯಿಂದ ರದ್ದು ಮಾಡಿತು, ಅದು 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಕಾರಣವರ ಪೆಟ್ಟಿಗೆ ಬರಿದಾದ ಹೊತ್ತಿಗೆ ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಸೂಟ್‌ಕೇಸು ಬಂದಿತ್ತು. ಈಗ ಕೋಡಿ ಕೊಡುವವನು ಅವನೇ. ಹಿರಿಯರಿಂದ ಕಿರಿಯರಿಗೆ ಇಳಿಯುತ್ತಿದ್ದದ್ದು ಎಷ್ಟೋ ಮನೆಗಳಲ್ಲಿ ಕಿರಿಯರಿಂದ ಹಿರಿಯರಿಗೆ ಏರತೊಡಗಿತು.

ಇಷ್ಟಕ್ಕೂ ಈ ಹಬ್ಬ ಯಾರದ್ದು? ಕೊಚ್ಚಿಯ ಕಾಕ್ಕನಾಡಿನ ಇನ್ಫೋಪಾರ್ಕಿಗೆ ಹೋದವರು ದಾರಿಯಲ್ಲಿ ತೃಕ್ಕಾಕರ ಎಂಬ ಹೆಸರು ಓದಿರುತ್ತೀರಿ. ಅಲ್ಲಿಯ ವಾಮನಮೂರ್ತಿ ದೇವಾಲಯವೇ ಓಣಂನ ಮೂಲಸ್ಥಾನವೆಂದು ನಂಬಿಕೆ. ಹಿಂದೆ ನಾಡಿನ ಅರಸರೆಲ್ಲ ಅಲ್ಲಿಗೆ ಬಂದು ಹಬ್ಬ ಮಾಡಬೇಕಿತ್ತಂತೆ. ಬರಲಾಗದವರು ಮನೆಯಲ್ಲೇ ಮಣ್ಣಿನ ಪುಟ್ಟ ಗೋಪುರ ಮಾಡಿ, ತೃಕ್ಕಾಕರಪ್ಪನೆಂದು ಪೂಜಿಸಲಿ ಎಂದು ಕಟ್ಟಳೆಯಾಯಿತಂತೆ. ಇಂದಿಗೂ ಅಂಗಳದ ಹೂವಿನ ನಡುವೆ ಆ ಮಣ್ಣಿನ ಮೂರ್ತಿ ಕೂರುತ್ತದೆ. ದೇವಸ್ಥಾನ ವಾಮನನದು, ಜನ ಕಾಯುವುದು ಮಹಾಬಲಿಯನ್ನು. ಸ್ವಾರಸ್ಯವೆಂದರೆ ಇದೇ ಬಲಿ ನಮ್ಮಲ್ಲಿಗೂ ಬರುತ್ತಾನೆ, ಎರಡು ತಿಂಗಳು ತಡವಾಗಿ. ದೀಪಾವಳಿಯ ಬಲಿಪಾಡ್ಯಮಿಗೆ ತುಳುನಾಡಿನ ಗದ್ದೆಯಂಚಿನಲ್ಲಿ ದೀಪವಿಟ್ಟು "ಕೂ" ಹಾಕಿ ಬಲೀಂದ್ರನನ್ನು ಕರೆಯುತ್ತಾರಲ್ಲ, ಅವನೇ. ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ವರ್ಷಕ್ಕೆ ಎರಡು ಬಾರಿ ಬಲಿಯ ಸುದ್ದಿ ಬರುತ್ತದೆ, ಶಾಲೆಗೆ ಓಣಂ ರಜೆ, ಮನೆಗೆ ದೀಪಾವಳಿ. ಕೊಟ್ಟು ಕೆಟ್ಟ ದೊರೆಯ ಹಬ್ಬದಲ್ಲಿ ಕೊಡುವುದು ಮುಖ್ಯವಾದದ್ದು ಸಹಜವೇ. ಆದರೆ ದೊರೆಯ ಕಥೆ ಹೇಳುವುದು ಎಲ್ಲರೂ ಸಮಾನರಾಗಿದ್ದ ಕಾಲವನ್ನು. ಹಬ್ಬ ನಡೆಯುತ್ತಿದ್ದುದು ಕೋರನ ಕಾಲದಲ್ಲಿ!

ದಕ್ಷಿಣಕ್ಕೆ, ತಿರುವನಂತಪುರಕ್ಕೆ ಹೋಗೋಣ. ಅಲ್ಲಿ ಕುಶಲಕರ್ಮಿಯ ಓಣಂ ಕಾಣಿಕೆಯ ಒಂದು ಕೊಂಡಿ ಇನ್ನೂ ಕಳಚಿಲ್ಲ. ಕರಮನದ ಒಂದು ಮೂತ್ತಾಶಾರಿ ಮನೆತನದವರು ತಲೆತಲಾಂತರದಿಂದ ಓಣವಿಲ್ಲು ಮಾಡುತ್ತಾರೆ. ಮರದ ಹಲಗೆಯನ್ನು ಬಿಲ್ಲಿನ ಆಕಾರಕ್ಕೆ ಕೊರೆದು, ಅದರ ಮೇಲೆ ಅನಂತಶಯನ, ದಶಾವತಾರ, ರಾಮಪಟ್ಟಾಭಿಷೇಕ ಇತ್ಯಾದಿ ಚಿತ್ರಗಳನ್ನು ಬರೆದು, ತಿರುವೋಣದ ದಿನ ಪದ್ಮನಾಭಸ್ವಾಮಿಗೆ ಒಪ್ಪಿಸುತ್ತಾರೆ. ಕೆಲಸದ ಕಾಲದಲ್ಲಿ ಮನೆಯವರಿಗೆ 41 ದಿನದ ವ್ರತ. ಬಿಲ್ಲಿಗೆ ಕಟ್ಟುವ ಕೆಂಪು ಕುಚ್ಚು, ದಾರ ಎಲ್ಲಿಂದ ಬರುತ್ತದೆ ಗೊತ್ತೇ? ಪೂಜಪ್ಪುರದ ಸೆಂಟ್ರಲ್ ಜೈಲಿನಿಂದ. ಅಲ್ಲಿಯ ಕೈದಿಗಳು ಅದನ್ನು ಹೆಣೆದು ಕೊಡುತ್ತಾರೆ. ಜೈಲಿನ ಗೋಡೆಯೊಳಗಿನ ಕೈಗೂ ಹಬ್ಬದಲ್ಲಿ ಒಂದು ಪಾಲಿದೆ ಎಂಬುದು ನನಗೆ ಈ ಕಥೆಯಲ್ಲೆಲ್ಲ ಬಲು ಇಷ್ಟವಾದ ಸಂಗತಿ.

ಅಂದ ಹಾಗೆ, ಅದೇ ದೇವಾಲಯದ ಗರ್ಭಗುಡಿಯಲ್ಲಿ ಪೂಜೆ ಮಾಡುವ ನಂಬಿಗಳು ನಮ್ಮ ಕಡೆಯವರೇ. ಅವರಲ್ಲಿ ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂದು ಎರಡು ಪಂಗಡ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ ದಡ, ಈಚೆ ದಡ ಎಂದು ಅರ್ಥ. ಆಚೆ ದಡದವರ ಊರು ದಕ್ಷಿಣ ಕನ್ನಡದ ಕೊಕ್ಕಡ, ಈಚೆಯವರದು ಕಾಞಂಗಾಡಿನ ಬಳಿಯ ಪುಲ್ಲೂರು. ಕೇರಳದುದ್ದಕ್ಕೂ ದೇವಸ್ಥಾನಗಳಲ್ಲಿ ಕಾಣುವ ಎಂಬ್ರಾಂದಿರಿ, ಪೋತ್ತಿಗಳಲ್ಲಿಯೂ ತುಳುನಾಡಿನ ಮೂಲದವರು ಧಾರಾಳವಾಗಿದ್ದಾರೆ. ಹೀಗೆ ವಲಸೆ ಹೋದ ನಮ್ಮವರು ಆ ಕಾಲದ ಕೊಡುಗೆಯ ವ್ಯವಸ್ಥೆಯಲ್ಲಿ ಪಡೆಯುವವರ ಸಾಲಿನಲ್ಲಿದ್ದರು, ಅದನ್ನೂ ಹೇಳಿಬಿಡಬೇಕು.

ಏಕೆಂದರೆ ತಿರುವಾಂಕೂರಿನ ದಾನ ಜಗತ್ಪ್ರಸಿದ್ಧವಾಗಿತ್ತು. ಮಾರ್ತಾಂಡವರ್ಮ 18ನೆಯ ಶತಮಾನದ ನಡುವೆ ಆರಂಭಿಸಿದ ಮುರಜಪ ಆರು ವರ್ಷಕ್ಕೊಮ್ಮೆ 56 ದಿನ ನಡೆಯುತ್ತದೆ. ವೇದ ಪಠಣ, ಕೊನೆಗೆ ಮಕರ ಸಂಕ್ರಾಂತಿಯ ಲಕ್ಷದೀಪ. 2019-20ರಲ್ಲಿ ಆಯಿತು, ಮತ್ತೆ 2025-26ರಲ್ಲಿ ಆಯಿತು. ರಾಜರ ಕಾಲದಲ್ಲಿ ದೂರದೂರದ ನಂಬೂದಿರಿಗಳು ಬಂದು ಇಳಿಯುತ್ತಿದ್ದರು, ಅವರ ಊಟ, ದಕ್ಷಿಣೆ ಎಲ್ಲವೂ ಸರ್ಕಾರದ್ದು. ಇದಲ್ಲದೆ ರಾಜ್ಯದಲ್ಲೆಲ್ಲ ಊಟ್ಟುಪುರಗಳಿದ್ದವು. ಹಾಗೆಂದರೆ ಬ್ರಾಹ್ಮಣರಿಗೆ ಪುಕ್ಕಟೆ ಊಟ ಹಾಕುವ ಛತ್ರಗಳು. ಖರ್ಚು ಖಜಾನೆಯಿಂದ. ಖಜಾನೆಗೆ ಹಣ ಬರುತ್ತಿದ್ದುದು ಎಲ್ಲರ ಬೆವರಿನಿಂದ, ಕೋರನ ಬೆವರೂ ಅದರಲ್ಲಿ ಸೇರಿತ್ತು. ಅವನು ಆ ಊಟದ ಮನೆಯ ಬೀದಿಯಲ್ಲಿ ಹಾಯುವ ಹಾಗೂ ಇರಲಿಲ್ಲ. ದೇವಸ್ಥಾನಗಳ ಬಾಗಿಲು ತಿರುವಾಂಕೂರಿನಲ್ಲಿ ಅವನಿಗೆ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಕೊಚ್ಚಿ ರಾಜ್ಯ ಇನ್ನೂ ಹನ್ನೊಂದು ವರ್ಷ ತಡಮಾಡಿತು.

ಆದರೆ ಊಟದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರಲ್ಲಿ ಒಬ್ಬ ಕೊಚ್ಚಿಯ ಕಡೆಯವನೇ. ವೈಪಿನ್ ದ್ವೀಪದ ಚೆರಾಯಿಯಲ್ಲಿ 1917ರ ಮೇ 29ರಂದು ಕೆ. ಅಯ್ಯಪ್ಪನ್ ಎಂಬ ಈಳವ ತರುಣ ಮಿಶ್ರಭೋಜನ ಏರ್ಪಡಿಸಿದರು. ಪುಲಯರ ಹುಡುಗರೊಂದಿಗೆ ಈಳವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಅನ್ನ, ಕಡಲೆ ಮತ್ತು ಹಲಸಿನ ಬೀಜದ ಪಲ್ಯ, ಇಷ್ಟೇ ಅಡುಗೆ. ಹಬ್ಬದೂಟವೇನಲ್ಲ. ಅದರ ಸದ್ದು ಮಾತ್ರ ದೊಡ್ಡದು! ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟು "ಪುಲಯನ್ ಅಯ್ಯಪ್ಪನ್" ಎಂದು ಬೈದರು. ಅವರು ಅದನ್ನು ಬಿರುದಿನಂತೆ ಧರಿಸಿದರು. "ಸಹೋದರನ್" ಪತ್ರಿಕೆ ನಡೆಸಿ ಸಹೋದರನ್ ಅಯ್ಯಪ್ಪನ್ ಎಂದೇ ಹೆಸರಾದರು, ಮುಂದೆ ಮಂತ್ರಿಯೂ ಆದರು. ಮಹಾಬಲಿಯ ಸಮಾನತೆಯ ನಾಡನ್ನು ಮರಳಿ ಕಟ್ಟಬೇಕೆಂಬ ಅರ್ಥದಲ್ಲಿ ಓಣಂ ಹಾಡನ್ನು ಹೊಸದಾಗಿ ಬರೆದವರೂ ಅವರೇ. ಉಣ್ಣಿಸುವುದು ಬೇರೆ, ಜೊತೆಗೆ ಕುಳಿತು ಉಣ್ಣುವುದು ಬೇರೆ ಎಂಬುದನ್ನು ಆ ಹಲಸಿನ ಬೀಜದ ಪಲ್ಯ ತೋರಿಸಿಕೊಟ್ಟಿತ್ತು.

ಇನ್ನು ಬಾಳೆಗೊನೆಯ ಕಥೆ ಏನಾಯಿತು? ತಿರುವಾಂಕೂರಿನಲ್ಲಿ ಸರ್ಕಾರವೇ ದೊಡ್ಡ ಜಮೀನುದಾರ. 1865ರ ಘೋಷಣೆಯೊಂದು ಸರ್ಕಾರಿ ಜಮೀನಿನ ಒಕ್ಕಲುಗಳಿಗೆ ಒಡೆತನ ಕೊಟ್ಟಿತು. ಹಾಗಾಗಿ ತಿರುವನಂತಪುರದ ಕಡೆ ಜನ್ಮಿಯ ಹಿಡಿತ ಮೊದಲೇ ಸಡಿಲವಾಯಿತು. ಕೊಚ್ಚಿ, ಅದರಲ್ಲೂ ಮಲಬಾರು ಮತ್ತು ನಮ್ಮ ದಕ್ಷಿಣ ಕನ್ನಡದ ತೆಂಕುಭಾಗದಲ್ಲಿ ಅದು ಬಿಗಿಯಾಗಿಯೇ ಉಳಿಯಿತು. ಗೇಣಿಯ ಮೇಲೆ ವಾಶಿ, ನುರಿ ಎಂಬ ಹೆಸರಿನಲ್ಲಿ ಹೆಚ್ಚುವರಿ ವಸೂಲಿ, ಜೊತೆಗೆ ಓಣಂ, ವಿಷು ಕಾಣಿಕೆ. 1930ರ ದಶಕದಲ್ಲಿ ರೈತ ಸಂಘದವರು ಇವನ್ನು ಕೊಡುವುದಿಲ್ಲ ಎಂದು ನಿಂತರು. ಗೇಣಿ ಕೊಡುತ್ತೇವೆ, ರಸೀದಿ ಕೊಡಿ. ಉಳಿದದ್ದು ಅಕ್ರಮ ವಸೂಲಿ ಎಂಬುದು ಅವರ ವಾದ. ತಲೆಮಾರುಗಳಿಂದ ಉಡುಗೊರೆ ಎನಿಸಿಕೊಂಡಿದ್ದಕ್ಕೆ ಮೊದಲ ಬಾರಿಗೆ ವಸೂಲಿ ಎಂಬ ಹೆಸರು ಬಿತ್ತು.

ಈ ಚಳವಳಿಯ ಬಿಸಿಯಲ್ಲೇ 1941ರ ಮಾರ್ಚ್‌ನಲ್ಲಿ ಕಯ್ಯೂರಿನ ಘಟನೆ ನಡೆಯಿತು. ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಒಬ್ಬ ಪೊಲೀಸ್ ಪೇದೆ ಸತ್ತ. ಆ ಊರು ಆಗ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ವಿಚಾರಣೆಯೂ ಮಂಗಳೂರಿನಲ್ಲೇ. ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಈ ಕಥೆಯನ್ನು ಕಾದಂಬರಿ ಮಾಡಿದ್ದು ಕನ್ನಡಿಗರೇ. ನಿರಂಜನರ "ಚಿರಸ್ಮರಣೆ" ಓದಿದವರಿಗೆ ಕಯ್ಯೂರು ಪರವೂರು ಅನಿಸಲಾರದು.

ಕೇರಳ ರಾಜ್ಯವಾಗಿ ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲ 1957ರ ಏಪ್ರಿಲ್ 5ರಂದು ಅಧಿಕಾರಕ್ಕೆ ಬಂದು ಆರೇ ದಿನಕ್ಕೆ, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಮಸೂದೆ, ವಿಮೋಚನಾ ಸಮರ, ಮಂತ್ರಿಮಂಡಲದ ವಜಾ, ಕೋರ್ಟು ಎಲ್ಲವನ್ನೂ ದಾಟಿ ಭೂಸುಧಾರಣಾ ಕಾಯಿದೆ ಪೂರ್ತಿಯಾಗಿ ಜಾರಿಗೆ ಬಂದದ್ದು 1970ರ ಜನವರಿ 1ರಂದು, ಸಿ. ಅಚ್ಯುತ ಮೇನೋನರು ಮುಖ್ಯಮಂತ್ರಿಯಾಗಿದ್ದಾಗ. ಅಂದಿನಿಂದ ಜನ್ಮಿಯೂ ಇಲ್ಲ, ಕಾಣವೂ ಇಲ್ಲ. ಕರ್ನಾಟಕದ ಗೇಣಿದಾರರು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಗೆ ಕಾಯಬೇಕಾಯಿತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ, ತುಳು ಒಕ್ಕಲುಗಳಿಗೆ ಅದೇ ಹಕ್ಕು ಕೆಲವು ವರ್ಷ ಮೊದಲೇ ಸಿಕ್ಕಿತು. ಗಡಿಯ ಜಗಳದ ನಡುವೆ ಈ ಮಾತನ್ನು ಯಾರೂ ಹೆಚ್ಚು ಆಡುವುದಿಲ್ಲ.

ಸರಿ, ಗೊನೆ ಹೊತ್ತವನಿಗೆ ಗದ್ದೆ ಸಿಕ್ಕಿತು. ದೊನ್ನೆ ಹಿಡಿದ ಕೋರನಿಗೆ? ಅವನು ಗೇಣಿದಾರನಲ್ಲ, ಕೂಲಿಯಾಳು. ಅವನಿಗೆ ಕಾಯಿದೆ ಕೊಟ್ಟದ್ದು ಗುಡಿಸಲಿನ ಸುತ್ತಲಿನ ಜಾಗ ಮಾತ್ರ. ಪಂಚಾಯತಿಯಲ್ಲಾದರೆ 10 ಸೆಂಟ್ಸ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3. ಉಳುವ ಭೂಮಿಯಲ್ಲ. ಒಕ್ಕಲೆಬ್ಬಿಸುವ ಭಯ ಹೋಯಿತು, ತಲೆಯೆತ್ತಿ ಕೂಲಿ ಕೇಳುವ ಧೈರ್ಯ ಬಂತು, ಅದು ಸಣ್ಣ ಮಾತಲ್ಲ. ಆದರೆ ಗದ್ದೆ ಬೇರೆಯವರದ್ದೇ ಆಗಿ ಉಳಿಯಿತು. ಕೇರಳದ ಭೂಸುಧಾರಣೆಯನ್ನು ಹೊಗಳುವವರು ಈ ಸಾಲನ್ನು ಹಾರಿಸಿ ಓದುತ್ತಾರೆ.

ಕೋರನ ದೊನ್ನೆಯನ್ನು ತುಂಬಿದ್ದು ಗದ್ದೆಗಿಂತ ಹೆಚ್ಚಾಗಿ ರೇಷನ್ ಅಂಗಡಿ. 1960ರ ದಶಕದ ಅಕ್ಕಿಯ ಅಭಾವದಲ್ಲಿ ಕೇರಳ ಎಲ್ಲರಿಗೂ ಪಡಿತರ ಕೊಡುವ ವ್ಯವಸ್ಥೆ ಕಟ್ಟಿತು. 1974ರಲ್ಲಿ ಸರ್ಕಾರಿ ನಾಗರಿಕ ಪೂರೈಕೆ ನಿಗಮ ಬಂತು, ಎಲ್ಲರ ಬಾಯಲ್ಲಿ ಸಪ್ಲೈಕೊ. ಅದರ ಮುಖ್ಯ ಕಚೇರಿ ರಾಜಧಾನಿಯಲ್ಲಲ್ಲ, ಕೊಚ್ಚಿಯಲ್ಲಿ. ಅದರ ಅಂಗಡಿಗಳಿಗೆ 1980ರ ದಶಕದಲ್ಲಿ ಇಟ್ಟ ಹೆಸರು ನೋಡಿ, ಮಾವೇಲಿ ಸ್ಟೋರ್! ಆಹಾರ ಸಚಿವರಾಗಿದ್ದ ಇ. ಚಂದ್ರಶೇಖರನ್ ನಾಯರ್ ಅವರ ಕನಸಿನ ಕೂಸು ಅದು. ಪುರಾಣದ ದೊರೆಯ ಹೆಸರಿನಲ್ಲಿ ಬೇಳೆ, ಮೆಣಸು, ತೆಂಗಿನೆಣ್ಣೆ ಅಗ್ಗದ ದರಕ್ಕೆ. ಓಣಂ, ಕ್ರಿಸ್‌ಮಸ್, ರಂಜಾನ್ ಬಂದಾಗ ವಿಶೇಷ ಮಾರಾಟ ಮಳಿಗೆಗಳು.

ಹೀಗೆ ಜನ್ಮಿ ಎದ್ದುಹೋದ ಜಗಲಿಯಲ್ಲಿ ಸರ್ಕಾರ ಬಂದು ಕುಳಿತಿತು. ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ ಓಣಂಗೆ ಮೊದಲಿನ ವಾರಗಳೆಂದರೆ ಬೋನಸ್ಸು, ಹಬ್ಬದ ಭತ್ಯೆ, ಮುಂಗಡ ಮತ್ತು ಪಿಂಚಣಿಯ ವಾರಗಳು. 2025ರಲ್ಲಿ ಅರ್ಹ ನೌಕರರಿಗೆ 4,500 ರೂಪಾಯಿ ಬೋನಸ್, ಉಳಿದವರಿಗೆ 3,000 ರೂಪಾಯಿ ಹಬ್ಬದ ಭತ್ಯೆ. ಗೋಡಂಬಿ, ಹಗ್ಗದ ಕಾರ್ಖಾನೆಗಳ ಕೆಲಸಗಾರರ ಬೋನಸ್ ಮಾತುಕತೆ ಮುಗಿಯಬೇಕಾದದ್ದೂ ತಿರುವೋಣದ ಮೊದಲೇ. ಕೊರೊನಾ ಕಾಲದಲ್ಲಿ ಓಣಂ ಕಿಟ್ ಬಂತು. ಶ್ರೀಮಂತ, ಬಡವ ಎನ್ನದೆ ಎಲ್ಲ ಕಾರ್ಡುದಾರರಿಗೂ ದಿನಸಿಯ ಚೀಲ, 2021ರಲ್ಲಿ ಸುಮಾರು 88 ಲಕ್ಷ ಕಾರ್ಡುಗಳಿಗೆ. ಅದರಲ್ಲಿ ಪಾಯಸದ ಸೇಮಿಗೆ, ಏಲಕ್ಕಿಯೂ ಇರುತ್ತಿತ್ತು. ಖಜಾನೆ ಸೊರಗಿದ ಮೇಲೆ, 2023ರಿಂದ, ಕಡುಬಡವರ ಹಳದಿ ಕಾರ್ಡು ಮತ್ತು ಆಶ್ರಮಗಳಿಗಷ್ಟೇ ಕಿಟ್, ಸುಮಾರು 6 ಲಕ್ಷ. ಚೀಲ ಓಟಿಗಾಗಿ ಎಂದು ಮೂಗು ಮುರಿದವರಿದ್ದಾರೆ. ಇರಬಹುದು. ಆದರೆ ಈ ಚೀಲಕ್ಕೆ ಯಾರೂ ಅಂಗಳದಲ್ಲಿ ಮುಂಡಾಸು ಬಿಚ್ಚಿ ನಿಲ್ಲಬೇಕಾಗಿರಲಿಲ್ಲ, ಕಾರ್ಡು ತೋರಿಸಿದರೆ ಸಾಕಾಗಿತ್ತು. ಮುಗುಳ್ನಗೆಯಿಲ್ಲದ ಆ ಅಂಗಡಿಯವನ ಕೈಯಿಂದ ಪಡೆಯುವುದರಲ್ಲಿ ಒಂದು ಮರ್ಯಾದೆಯಿದೆ ಎಂದೇ ನನ್ನ ಎಣಿಕೆ.

ಹಬ್ಬವೇ ಅರಮನೆಯಿಂದ ಬೀದಿಗೆ ಇಳಿದದ್ದನ್ನು ಕೊಚ್ಚಿಯವರು ತೃಪ್ಪೂಣಿತ್ತುರದಲ್ಲಿ ಕಾಣುತ್ತಾರೆ. ಅತ್ತಚ್ಚಮಯಂ ಎಂದರೆ ಕೊಚ್ಚಿ ಮಹಾರಾಜರು ಹಸ್ತಾ ನಕ್ಷತ್ರದ ದಿನ ಪರಿವಾರದೊಡನೆ ಹೊರಡುತ್ತಿದ್ದ ಮೆರವಣಿಗೆ. ನೆಟ್ಟೂರಿನ ತಂಙಳ್, ಕರಿಂಙಾಚ್ಚಿರದ ಕತ್ತನಾರ್, ಚೆಂಬಿನ ಅರಯ, ಅಂದರೆ ಮುಸ್ಲಿಮ್ ಮುಖಂಡ, ಕ್ರೈಸ್ತ ಪಾದ್ರಿ, ಬೆಸ್ತರ ನಾಯಕ, ಮೂವರಿಗೂ ಅಲ್ಲಿ ಸ್ಥಾನವಿತ್ತು. 1949ರಲ್ಲಿ ಕೊಚ್ಚಿ, ತಿರುವಾಂಕೂರುಗಳು ಒಂದಾದಾಗ ಇದು ನಿಂತಿತು. 1961ರಲ್ಲಿ ಓಣಂ ರಾಜ್ಯದ ಹಬ್ಬವೆನಿಸಿಕೊಂಡಾಗ ಜನರೇ ಅದನ್ನು ಮತ್ತೆ ಹೊರಡಿಸಿದರು, ರಾಜನಿಲ್ಲದೆ.

ಇನ್ನು 2018. ಆ ವರ್ಷ ತಿರುವೋಣ ಆಗಸ್ಟ್ 25ಕ್ಕೆ. ಅದಕ್ಕೆ ಹತ್ತು ದಿನ ಮುಂಚೆ, ಸಂಭ್ರಮ ಆರಂಭವಾಗಬೇಕಾದ ದಿನವೇ ಪ್ರವಾಹ. ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ ನೀರಿನಲ್ಲಿ ಮುಳುಗಿ 29ರವರೆಗೆ ಮುಚ್ಚಿತು, ನೌಕಾಪಡೆಯ ನೆಲೆಯಿಂದ ಸಣ್ಣ ವಿಮಾನಗಳು ಹಾರಿದವು. 400ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಓಣಂ ಆಚರಣೆ ಕೈಬಿಟ್ಟು ಆ ಹಣವನ್ನು ಪರಿಹಾರಕ್ಕೆ ತಿರುಗಿಸಿತು. ಪೂಕ್ಕಳಂ ಸ್ಪರ್ಧೆಗೆಂದು ಕೂಡಿಸಿದ್ದ ವಂತಿಗೆ ಶಿಬಿರಗಳ ಅಕ್ಕಿಯಾಯಿತು. ಎಷ್ಟೋ ಶಿಬಿರಗಳಲ್ಲಿ ತಿರುವೋಣದ ದಿನ ಬೆಂಚಿನ ಮೇಲೆ ಎಲೆ ಹಾಕಿ ಎಲ್ಲರೂ ಜಾತಿಮತದ ಪರಿವೆಯಿಲ್ಲದೆ ಉಂಡರು. ಚೆರಾಯಿಯ ಪಂಕ್ತಿಗೆ ನೂರಾ ಒಂದು ವರ್ಷವಾಗಿತ್ತು.

ಆ ದಿನಗಳ ಹಿರಿಮೆ ಸೇರಬೇಕಾದದ್ದು ಬೆಸ್ತರಿಗೆ. ತಿರುವನಂತಪುರ, ಕೊಲ್ಲಂ ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಚೆಂಗನ್ನೂರು, ಪತ್ತನಂತಿಟ್ಟಗಳ ಕಡೆ ಹೊರಟರು. ಒಳನಾಡಿನ ಬೀದಿಗಳಲ್ಲಿ ದೋಣಿ ನಡೆಸಿ ಸಾವಿರಾರು ಜನರನ್ನು ಮೇಲೆತ್ತಿದರು. ದೋಣಿಗಳ ತಳ ಕಾಂಪೌಂಡು ಗೋಡೆಗಳಿಗೆ ತಾಗಿ ಒಡೆದವು. ಇವರಲ್ಲಿ ಅನೇಕರು ಹಿಂದಿನ ವರ್ಷವಷ್ಟೇ ಓಖಿ ಚಂಡಮಾರುತದಲ್ಲಿ ತಮ್ಮವರನ್ನು ಕಳೆದುಕೊಂಡವರು. ಸರ್ಕಾರ ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಘೋಷಿಸಿದಾಗ, ಫೋರ್ಟ್ ಕೊಚ್ಚಿಯ ಒಬ್ಬ ತರುಣ ನಮ್ಮ ಜನರನ್ನು ಉಳಿಸಿದ್ದಕ್ಕೆ ಹಣ ಬೇಡ, ಒಡೆದ ದೋಣಿ ದುರಸ್ತಿ ಮಾಡಿಸಿಕೊಟ್ಟರೆ ಸಾಕು ಎಂದು ಹೇಳಿದ್ದು ರಾಜ್ಯದ ತುಂಬ ಹರಡಿತು. ಹಬ್ಬದ ಗೊನೆಯಲ್ಲಿ ಎಂದೂ ದೊಡ್ಡ ಪಾಲು ಸಿಗದ ಜನ ಇವರು.

ಅದೇ ಹೊತ್ತಿಗೆ ಹಳೆಯ ಪ್ರಶ್ನೆಯೂ ಹೊಸ ವೇಷದಲ್ಲಿ ಬಂತು. ಸರ್ಕಾರಿ ನೌಕರರು ಒಂದು ತಿಂಗಳ ಸಂಬಳ ಪರಿಹಾರ ನಿಧಿಗೆ ಕೊಡಲಿ ಎಂಬ "ಸ್ಯಾಲರಿ ಚಾಲೆಂಜ್". ಎಷ್ಟೋ ಮಂದಿ ಮನಸಾರೆ ಕೊಟ್ಟರು. ಆದರೆ ಕೊಡಲೊಲ್ಲದವರು ಒಲ್ಲೆನೆಂದು ಬರೆದು ಕೊಡಬೇಕು ಎಂಬ ಷರತ್ತು ಆದೇಶದಲ್ಲಿತ್ತು. ಹೆಸರು ಬರೆದು ಬೇಡವೆನ್ನಲು ಯಾರಿಗೆ ಧೈರ್ಯ? ಕೊಚ್ಚಿಯಲ್ಲಿರುವ ಹೈಕೋರ್ಟು ಆ ಷರತ್ತಿಗೆ ತಡೆ ನೀಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿಯೂ ಅಕ್ಟೋಬರ್ ಕೊನೆಗೆ ಅದೇ ತೀರ್ಪು ನಿಂತಿತು. ಕೊಡುಗೆ ಎಲ್ಲಿ ಮುಗಿಯುತ್ತದೆ, ವಸೂಲಿ ಎಲ್ಲಿ ಶುರುವಾಗುತ್ತದೆ ಎಂದು ಕಯ್ಯೂರಿನ ಕಡೆಯ ರೈತರು ಕೇಳಿದ್ದ ಪ್ರಶ್ನೆಯೇ ಇದು, ಈ ಸಲ ಕಪ್ಪು ಕೋಟು ತೊಟ್ಟು ನಿಂತಿತ್ತು. 2024ರ ಜುಲೈ 30ರ ವಯನಾಡು ಭೂಕುಸಿತದ ನಂತರವೂ ಸರ್ಕಾರ ಓಣಂ ವಾರಾಚರಣೆ ಕೈಬಿಟ್ಟಿತು. ಆಗ ಕೇಳಿದ್ದು ಐದು ದಿನದ ಸಂಬಳ, ಅದೂ ಒಪ್ಪಿಗೆ ಬರೆದುಕೊಟ್ಟವರಿಂದ.

ಕಾಳ್ಚಕ್ಕುಲ ಪೂರ್ತಿ ಮಾಯವಾಗಿಲ್ಲ. ಜನ್ಮಿಯ ಮನೆಗೆ ಹೋಗುತ್ತಿದ್ದ ಗೊನೆ ಈಗ ದೇವರಿಗೆ ಹೋಗುತ್ತದೆ. ಓಣಂನ ಹಿಂದಿನ ದಿನ, ಉತ್ರಾಡಕ್ಕೆ, ಗುರುವಾಯೂರಿನಲ್ಲಿ ಸಾಲುಗಟ್ಟಿ ಗೊನೆ ಒಪ್ಪಿಸುತ್ತಾರೆ. ತ್ರಿಶೂರು ಜಿಲ್ಲೆಯ ಚೆಂಗಾಲಿಕೋಡನ್ ನೇಂದ್ರ ಇದಕ್ಕೆಂದೇ ಬೆಳೆಯುವ, ಭೌಗೋಳಿಕ ಮಾನ್ಯತೆ ಪಡೆದ ತಳಿ. ಆ ಹೊಂಬಣ್ಣದ ಗೊನೆಯ ಬೆಲೆ ಕೇಳಿದರೆ ಕಾಣಂ ಮಾರಬೇಕಾದೀತು!

ಮತ್ತೆ ಆಫೀಸಿನ ಬಾಗಿಲ ಪೂಕ್ಕಳಕ್ಕೆ ಬಂದರೆ, ಆ ಹೂವು ಯಾರದು? ತಿರುವನಂತಪುರಕ್ಕೆ ಹೂವು ಬರುವುದು ಹೆಚ್ಚಾಗಿ ತೋವಾಳೆಯ ಸಂತೆಯಿಂದ. ಹಿಂದೆ ತಿರುವಾಂಕೂರಿಗೆ ಸೇರಿದ್ದ ಆ ಊರು 1956ರಿಂದ ತಮಿಳುನಾಡಿನದು. ಕೊಚ್ಚಿ ಮತ್ತು ಉತ್ತರದ ಊರುಗಳಿಗೆ ಚೆಂಡುಹೂವು, ಸೇವಂತಿಗೆ ಬರುವುದರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಹೊಲಗಳ ಪಾಲು ದೊಡ್ಡದು. ಮೈಸೂರಿನ ಕಡೆಯ ಆ ರೈತರಿಗೆ ಅತ್ತ, ಚಿತ್ತಿರ, ಚೋತಿ ಎಂಬ ಓಣಂನ ದಿನಗಳ ಹೆಸರು ಗೊತ್ತಿರಲಿಕ್ಕಿಲ್ಲ, ಯಾವ ದಿನ ದರ ಏರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಇತ್ತೀಚೆಗೆ ಕುಟುಂಬಶ್ರೀಯ ಹೆಂಗಸರು ಕೇರಳದಲ್ಲೇ ಚೆಂಡುಹೂವು ಬೆಳೆಯತೊಡಗಿದ ಮೇಲೆ ಆ ದರದ ಲೆಕ್ಕವೂ ಸ್ವಲ್ಪ ಏರುಪೇರಾಗಿದೆ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಾಗಾಗಿ ಮುಂಜಾನೆ ಕೊಯ್ದ ಹೂವನ್ನು ಮಧ್ಯಾಹ್ನದೊಳಗೆ ಮೂಟೆ ಕಟ್ಟಿ, ಗೇಟು ಬೀಳುವ ಮೊದಲೇ ಗಾಡಿಗಳು ಮುತ್ತಂಗದ ಕಡೆ ಹೊರಟುಬಿಡುತ್ತವೆ. ಮರುದಿನ ಬೆಳಿಗ್ಗೆ ಅದೇ ಹೂವು ಕೊಚ್ಚಿಯ ಅಂಗಳಗಳಲ್ಲಿ, ಮಣ್ಣಿನ ತೃಕ್ಕಾಕರಪ್ಪನ ಸುತ್ತ.